ಅದು 'ಅವರ ಮನೆ ವಿಷಯ' ಅಲ್ಲ, ಮೇಷ್ಟ್ರೇ

ಚಿತ್ರದುರ್ಗ ಜಿಲ್ಲೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ: 'ಮೊಬೈಲ್ ಬಿಡದ ತಮ್ಮ ಮಗನಿಗೆ ಪಕ್ಕದ ಮನೆಯವರು ನಾಲ್ಕೇಟು ಹಾಕಿದರು. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಅಧಿಕಾರಿಗಳು ಮನೆಗೇ ಬಂದರು. ಹೆತ್ತವರು ತಿದ್ದಬಾರದೆ? ಶಿಸ್ತು ಎಲ್ಲಿಗೆ ಮುಗಿದು ಅಪರಾಧ ಎಲ್ಲಿಂದ ಶುರು ಎಂದು ಕಾನೂನು ಗೆರೆ ಹಾಕಿದೆಯೆ? ನನ್ನ ಬೆತ್ತದ ರುಚಿ ಕಂಡವರು ಇಂದಿಗೂ ಬಂದು ಕಾಲಿಗೆ ಬೀಳುತ್ತಾರೆ.'

ಮೇಷ್ಟ್ರೇ, ಒಂದೂ ಕಾಗುಣಿತದ ತಪ್ಪಿಲ್ಲದ ಪತ್ರ ಈಗ ಅಪರೂಪ, ಎರಡು ಸಲ ಓದಿದೆ. ನಿಮ್ಮ ಆತಂಕ ಸುಳ್ಳಲ್ಲ. ಪ್ರತಿ ಏಟಿಗೂ ಪೊಲೀಸರು ಬಾಗಿಲು ಬಡಿದರೆ ಸಂಸಾರ ಉಳಿಯದು. 2011ರಲ್ಲಿ ನಾರ್ವೆ ಸರ್ಕಾರದವರು ಕೋಲ್ಕತ್ತ ಮೂಲದ ದಂಪತಿಯ ಇಬ್ಬರು ಎಳೆಯ ಮಕ್ಕಳನ್ನು, ಸಾಕುವ ರೀತಿ ಸರಿಯಿಲ್ಲವೆಂದು ಎತ್ತಿಕೊಂಡು ಹೋದಾಗ ನನಗೂ ಸಂಕಟವಾಗಿತ್ತು.

ಆದರೆ ಅದರಾಚೆ ನಿಮ್ಮ ಜೊತೆ ಬರಲಾರೆ.

ಗೆರೆ ಇದೆ, ಮಸುಕಾಗಿದೆ. ಹನ್ನೆರಡರೊಳಗಿನ ಮಗುವಿನ ಒಳಿತಿಗೆಂದು ಪೋಷಕರು ಸದ್ಭಾವನೆಯಿಂದ ಮಾಡಿದ್ದು ಅಪರಾಧವಲ್ಲ ಎಂದು 1860ರ ದಂಡ ಸಂಹಿತೆಯ 89ನೇ ಕಲಂ ಹೇಳಿತು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಅದೇ ಮಾತು 27ನೇ ಕಲಂ ಆಗಿ ಕೂತಿತು. ಬೇಕೆಂದೇ ಮೂಳೆ ಮುರಿದವರಿಗೆ ಈ ಆಸರೆ ಇಲ್ಲ. ಇತ್ತ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ, ತನ್ನ ಸುಪರ್ದಿಯಲ್ಲಿರುವ ಮಗುವಿಗೆ ಹೊಡೆದು 'ಅನಗತ್ಯ' ನೋವು ಕೊಟ್ಟವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ದಂಡ, ಇಲ್ಲವೇ ಎರಡೂ. ಹಾಗಾದರೆ ಅಗತ್ಯವಾದ ನೋವು ಎಷ್ಟು, ಮೇಷ್ಟ್ರೇ? ಮೆಣಸಿನಕಾಯಿ ಹೊಗೆ ಹಾಕಿದವರೂ ಬರೆ ಎಳೆದವರೂ 'ಅವನ ಒಳ್ಳೇದಕ್ಕೇ' ಅಂತಲೇ ಹೇಳುವುದು.

2009ರ ಶಿಕ್ಷಣ ಹಕ್ಕು ಕಾಯ್ದೆ ನಿಮ್ಮ ಕೈಯ ಬೆತ್ತ ಕಸಿದುಕೊಂಡಿತು, ಅಪ್ಪನ ಬೆಲ್ಟಿನ ತಂಟೆಗೆ ಹೋಗಲಿಲ್ಲ. ಮನೆಯಲ್ಲಿ ಪೆಟ್ಟು ತಿಂದ ಮಕ್ಕಳಲ್ಲಿ ನೂರಕ್ಕೆ 88ಕ್ಕೂ ಹೆಚ್ಚು ಮಂದಿಗೆ ಹೊಡೆದವರು ಹೆತ್ತವರೇ ಎಂದು ಕೇಂದ್ರ ಸರ್ಕಾರದ 2007ರ ಅಧ್ಯಯನವೇ ಹೇಳಿದೆ. ಸ್ವೀಡನ್ 1979ರಲ್ಲೇ ಮನೆಯೊಳಗಿನ ಏಟನ್ನೂ ನಿಷೇಧಿಸಿತು. ಆ ಕಲಮಿಗೆ ಬೇರೆ ಶಿಕ್ಷೆಯನ್ನೇ ಇಡದೆ, ಹಾಲಿನ ಪೊಟ್ಟಣಗಳ ಮೇಲೆ ವಿಷಯ ಅಚ್ಚು ಹಾಕಿ ಮನೆಮನೆಗೆ ಮುಟ್ಟಿಸಿತು. ನಮ್ಮ ಪಕ್ಕದ ನೇಪಾಳವೂ 2018ರಲ್ಲಿ ನಿಷೇಧಿಸಿತು.

ನಾನು ಮೊದಲು ಬಾಡಿಗೆಗಿದ್ದ ವಠಾರದಲ್ಲಿ ಸಂಜೆ ಬೆಲ್ಟಿನ ಸದ್ದು ಕೇಳಿದರೆ ನಾವೆಲ್ಲ ರೇಡಿಯೊ ಜೋರು ಮಾಡುತ್ತಿದ್ದೆವು. 'ಅವರ ಮನೆ ವಿಷಯ.' ಒಂದು ಏಪ್ರಿಲ್ ಬೆಳಗ್ಗೆ ಆ ಮನೆಯ ಹುಡುಗ, ಎಂಟು ವರ್ಷವಿರಬೇಕು, ತುಂಬುತೋಳಿನ ಸ್ವೆಟರ್ ಹಾಕಿಕೊಂಡು ನಲ್ಲಿ ಹತ್ತಿರ ಕೊಡ ಹಿಡಿದು ನಿಂತಿದ್ದ. 'ಸೆಕೆ ಆಗಲ್ವೇನೋ?' ಅಂದೆ. 'ಇಲ್ಲ ಅಂಕಲ್' ಅನ್ನುತ್ತಾ ತೋಳನ್ನು ಮಣಿಕಟ್ಟಿನಿಂದ ಕೆಳಕ್ಕೆ ಎಳೆದುಕೊಂಡ. ನಾನು ಬಿಂದಿಗೆ ತುಂಬಿಸಿಕೊಂಡು ಒಳಗೆ ಬಂದೆ. ಇಪ್ಪತ್ತೆಂಟು ವರ್ಷವಾಯಿತು, ಆ ಸ್ವೆಟರಿನ ಬಣ್ಣ ಇವತ್ತಿಗೂ ಹೇಳಬಲ್ಲೆ.

ಹೆಂಡತಿಗೆ ಹೊಡೆದಾಗಲೂ ಇದೇ ಮಾತು ಆಡುತ್ತಿದ್ದೆವಲ್ಲ? 2005ರಲ್ಲಿ ಕೌಟುಂಬಿಕ ಹಿಂಸೆ ತಡೆಯುವ ಕಾಯ್ದೆ ಬಂದಮೇಲೆ ಅದನ್ನು ಗಟ್ಟಿಯಾಗಿ ಆಡಲು ಜನ ಸ್ವಲ್ಪವಾದರೂ ಅಳುಕುತ್ತಾರೆ. ಮಗುವಿನ ವಿಷಯದಲ್ಲಿ ಆ ಅಳುಕೂ ಇಲ್ಲ. ಆಫೀಸಿನಲ್ಲಿ ಬೈಸಿಕೊಂಡದ್ದು, ಬ್ಯಾಂಕಿನ ಕಂತು, ಟ್ಯೂಷನ್ನಿಗೆ ಸುರಿದ ದುಡ್ಡು, ಅಕ್ಕನ ಮಗಳಿಗೆ ಬಂದ ಅಂಕ ಎಲ್ಲ ಸೇರಿ ಏರಿದ ಸಿಟ್ಟನ್ನು ಮನೆಯಲ್ಲಿ ತಿರುಗಿ ಹೊಡೆಯಲಾಗದ ಒಬ್ಬರ ಮೇಲೆ ಇಳಿಸಿ, ಅದಕ್ಕೆ ಶಿಸ್ತು ಅಂತ ಹೆಸರಿಡುತ್ತೇವೆ. ಮೂವತ್ತು ವರ್ಷದ ಗುಮಾಸ್ತನ ಕೆನ್ನೆಗೆ ಸಾಹೇಬ ಬಾರಿಸಿದರೆ ಕೇಸು, ಆರು ವರ್ಷದ ಮಗುವಿಗೆ ಬಾರಿಸಿದರೆ ಸಂಸ್ಕಾರ!

ಕಾಲಿಗೆ ಬೀಳಲು ಬಂದವರನ್ನು ನೀವು ಎಣಿಸಿದ್ದೀರಿ. ಬೆತ್ತಕ್ಕೆ ಹೆದರಿ ಶಾಲೆ ಬಿಟ್ಟು ಕುರಿ ಹಿಂದೆ ಹೋದವರು ನಮಸ್ಕಾರಕ್ಕೆ ಬರುವುದಿಲ್ಲ ಮೇಷ್ಟ್ರೇ, ಹಳೆಯ ಹಾಜರಿ ಪುಸ್ತಕ ತೆಗೆದು ನೋಡಿ.

ಇನ್ನೊಂದು ಕೋರಿಕೆ. ಆ ಪಕ್ಕದ ಮನೆಯ ಹುಡುಗನನ್ನು ಒಂದು ಸಂಜೆ ಜಗಲಿಗೆ ಕರೆದು ಕೂರಿಸಿಕೊಂಡು ಮಾತಾಡಿಸಿ. ಅವನು ಹೇಳಿದ್ದನ್ನು ನನಗೆ ಬರೆಯಿರಿ. ನಾಲ್ಕು ಪುಟದ ನಿಮ್ಮ ಪತ್ರದಲ್ಲಿ ಅವನದು ಒಂದು ಮಾತೂ ಇರಲಿಲ್ಲ.

– ಸಂ.