ಬೆಳಕಲ್ಲೇ ನೋಡಿದರೆ ಸಾಲದಾ, ಸೂಜಿ ಯಾಕೆ?

ಪ್ರಶ್ನೆ: ಅತ್ತಿಗೆಯ ಎದೆಯಲ್ಲಿ ಗಂಟು. ಮಂಗಳೂರಿನಲ್ಲಿ ಸೂಜಿ ಪರೀಕ್ಷೆ ಮಾಡಿಸಿದೆವು, ವರದಿಯಲ್ಲಿ ‘ಸಂಶಯ’ ಅಂತ ಬಂತು. ಈಗ ಬಯಾಪ್ಸಿ ಬೇಕಂತೆ. ಬೆಳಕು ಹಾಯಿಸಿಯೇ ಕ್ಯಾನ್ಸರ್ ಕೋಶ ಗುರುತಿಸುತ್ತಾರೆ ಅಂತ ಓದಿದೆ. ಅದಕ್ಕೆ ಕಾಯಬಹುದಾ?
– ಓದುಗರು, ಬದಿಯಡ್ಕ

ಉತ್ತರ: ಕಾಯಬೇಡಿ. ಬಯಾಪ್ಸಿಗೆ ದಿನ ಗೊತ್ತುಮಾಡಿ, ಆಮೇಲೆ ಇದನ್ನು ಓದಿ.

ನಾನು ಕುಂಬಳೆಯವನು. 28 ವರ್ಷ ಲ್ಯಾಬಿನಲ್ಲಿ, ಕೋಶ ಹಚ್ಚಿದ ಗಾಜಿನ ಸ್ಲೈಡಿಗೆ ಬಣ್ಣ ಹಾಕಿದೆ. ಬೆರಳಿನ ನೇರಳೆ ಕಲೆ ನೋಡಿ ಹೆಂಡತಿ ಊಟದ ಹೊತ್ತಿಗೆ ಗೊಣಗುತ್ತಿದ್ದಳು. ಬಣ್ಣ ಹಾಕದಿದ್ದರೆ ಕೋಶ ನೀರಿನ ಹನಿಯ ಹಾಗೆ, ಸರಿಯಾಗಿ ಕಾಣುವುದಿಲ್ಲ. ಹೆಮಟಾಕ್ಸಿಲಿನ್ ಹಾಕಿದರೆ ಕೋಶದೊಳಗಿನ ತಿರುಳು, ಅಂದರೆ ನ್ಯೂಕ್ಲಿಯಸ್, ನೇರಳೆ, ಇಯೋಸಿನ್ ಹಾಕಿದರೆ ಉಳಿದದ್ದು ಗುಲಾಬಿ. ನ್ಯೂಕ್ಲಿಯಸ್ ದೊಡ್ಡದಾಗಿದೆಯಾ, ಅಂಚು ಅಂಕುಡೊಂಕಾಗಿದೆಯಾ ಅಂತ ಡಾಕ್ಟರು ನೋಡುವುದು ಆಮೇಲೆ. ಒಬ್ಬರು ಕ್ಯಾನ್ಸರ್ ಅಂದದ್ದನ್ನು ಇನ್ನೊಬ್ಬರು ಸಂಶಯ ಅನ್ನುವುದೂ ಉಂಟು. ಬಣ್ಣ ಜಾಸ್ತಿಯಾಗಿದ್ದರೆ ತಪ್ಪು ನನ್ನ ಕೈಯದ್ದು!

ನೀವು ಓದಿದ, ಬೆಳಕು ಹಾಯಿಸುವ ಹೊಸ ವಿಧಾನದಲ್ಲಿ ಬಣ್ಣವೇ ಬೇಡ. ಒಂದು ಲೋಟ ನೀರಿಗೆ ಸಕ್ಕರೆ ಹಾಕಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಕರಗುವಾಗ ಎಳೆಎಳೆಯಾಗಿ ಏನೋ ಆಡುತ್ತದೆ, ಅಲ್ವಾ? ನೀರಿಗೂ ಬಣ್ಣವಿಲ್ಲ, ಸಕ್ಕರೆ ನೀರಿಗೂ ಇಲ್ಲ. ಸಕ್ಕರೆ ದಟ್ಟವಾಗಿರುವಲ್ಲಿ ಬೆಳಕಿನ ವೇಗ ತಗ್ಗುತ್ತದೆ, ದಾರಿ ಬಾಗುತ್ತದೆ. ಕೋಶದೊಳಗೂ ಹಾಗೆಯೇ. ಬೆಳಕು ಎಲ್ಲಿ ಎಷ್ಟು ತಡವಾಯಿತು ಎಂದು ಅಳೆದರೆ ಕೋಶದ ದಪ್ಪ, ದಟ್ಟತನ ಅಂಕಿಯಲ್ಲೇ ಸಿಗುತ್ತದೆ. ‘ನನಗೆ ಹೀಗೆ ಕಂಡಿತು’ ಅನ್ನುವ ಜಗಳ ಕಡಿಮೆಯಾಗುತ್ತದೆ.

ಇನ್ನೊಂದು ದಾರಿ ಸಿ.ವಿ. ರಾಮನ್ 1928ರಲ್ಲಿ ಕಂಡದ್ದು. ವಸ್ತುವಿಗೆ ತಾಗಿ ಚದುರುವ ಬೆಳಕಿನಲ್ಲಿ ಸುಮಾರು ಕೋಟಿಗೊಂದು ಕಣ ಮಾತ್ರ ಬಣ್ಣ ಬದಲಿಸುತ್ತದೆ. ಕೊಬ್ಬಿಗೆ ಒಂದು ಥರ, ಪ್ರೋಟೀನಿಗೆ ಇನ್ನೊಂದು ಥರ; ಅದನ್ನು ನೋಡಿ ಕೋಶದೊಳಗೆ ಏನೇನಿದೆ ಅಂತ ತಿಳಿಯಬಹುದು. ಅಷ್ಟು ಕ್ಷೀಣ ಬೆಳಕನ್ನು ಹಿಡಿಯುವುದೇ ಕಷ್ಟದ ಕೆಲಸ.

ಆದರೆ ಇವು ಹೆಚ್ಚಾಗಿ ಇನ್ನೂ ಸಂಶೋಧಕರ ಮೇಜಿನ ಮೇಲಿವೆ. ಮತ್ತೆ, ಒಂದೊಂದೇ ಕೋಶ ನೋಡಬೇಕಾದರೆ ಅದನ್ನು ಹೊರಗೆ ತೆಗೆಯಲೇಬೇಕು. ಸೂಜಿ ಎಲ್ಲಿ ತಪ್ಪಿತು?

ಸೂಜಿ ಪರೀಕ್ಷೆಯಲ್ಲಿ ಸಿಗುವುದು ಬಿಡಿ ಕೋಶಗಳು. ಉದುರಿದ ನಾಲ್ಕು ಅಡಿಕೆ ನೋಡಿ ಕೊಳೆರೋಗ ಅಂತ ಊಹಿಸಿದ ಹಾಗೆ. ಬಯಾಪ್ಸಿಯಲ್ಲಿ ಗಂಟಿನ ಒಂದು ತುಂಡನ್ನೇ ತೆಗೆಯುತ್ತಾರೆ, ಗೊನೆಯೇ ಕೈಗೆ ಬಂದ ಹಾಗೆ. ಕೋಶಗಳು ಹಾಲಿನ ನಾಳದ ಗೋಡೆ ದಾಟಿವೆಯಾ ಎನ್ನುವುದು ಅದರಲ್ಲೇ ಕಾಣುವುದು. ಕ್ಯಾನ್ಸರ್ ಅಂತಾದರೆ ಇಆರ್, ಪಿಆರ್ (ಹಾರ್ಮೋನಿಗೆ ಸ್ಪಂದಿಸುತ್ತದೆಯಾ ಅಂತ ನೋಡುವುದು), ಹರ್-2 (ಆ ಹೆಸರಿನ ಪ್ರೋಟೀನು ಜಾಸ್ತಿಯಿದೆಯಾ ಅಂತ ನೋಡುವುದು) ಪರೀಕ್ಷೆಗೂ ಅದೇ ತುಂಡು ಬೇಕು. ಔಷಧಿ ನಿಶ್ಚಯವಾಗುವುದು ಅದರ ಮೇಲೆ.

ಇನ್ನೊಬ್ಬ ಡಾಕ್ಟರಲ್ಲಿ ಕೇಳಲು ತಲಶ್ಶೇರಿ ಕಡೆ ಹೋಗುವುದಾದರೆ ಸ್ಲೈಡನ್ನೂ, ಬಯಾಪ್ಸಿ ತುಂಡು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಕೇಳಿ ತೆಗೆದುಕೊಳ್ಳಿ. ಬರೀ ವರದಿ ಹಿಡಿದು ಹೋಗಿ, ಬ್ಲಾಕಿಗಾಗಿ ಮತ್ತೆ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಬಂದವರನ್ನು ಎಷ್ಟೋ ಸಲ ಕಂಡಿದ್ದೇನೆ.