ನೆಗೆಣ್ಣಿ ಹೆತ್ತುಕೊಟ್ಟರೆ ತಾಯಿ ಯಾರು?

ಪ್ರಶ್ನೆ: ನನಗೆ 33, ಪತಿಗೆ 38. ಮಕ್ಕಳಿಲ್ಲ. ಗರ್ಭಕೋಶ ತೆಗೆದಿದ್ದಾರೆ, ಅಂಡಾಶಯ ಉಳಿದಿದೆ. ಎರಡು ಮಕ್ಕಳ ತಾಯಿಯಾದ ನೆಗೆಣ್ಣಿ, 34 ವರ್ಷ, ನಮ್ಮ ಮಗುವನ್ನು ಹೊರಲು ಒಪ್ಪಿದ್ದಾಳೆ. ಜನನ ಪತ್ರದಲ್ಲಿ ಯಾರ ಹೆಸರು?
— ಓದುಗರು, ಗದಗ

ಉತ್ತರ: ನಿಮ್ಮದೇ, ತಾಯಿ. ಆದರೆ 2021ರ ಬಾಡಿಗೆ ತಾಯ್ತನ ಕಾಯ್ದೆಯಂತೆ ನೀವಿಬ್ಬರೂ ನೆಗೆಣ್ಣಿಯೂ ಸೇರಿ ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಪೋಷಕತ್ವದ ಆದೇಶವನ್ನು ಮೊದಲೇ ಪಡೆಯಬೇಕು. ಹೆರಿಗೆಯಾದ ಮೇಲೆ ಜನನ ನೋಂದಣಿಗೆ ಅದೇ ಆಧಾರ. ಜಿಲ್ಲಾ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ, ನೆಗೆಣ್ಣಿಗೆ 36 ತಿಂಗಳ ವಿಮೆಯೂ ಬೇಕು.

ನಿಮಗೆ ನಿಜವಾದ ತೊಡಕು ನೆಗೆಣ್ಣಿಯ ವಯಸ್ಸಿನದು. ಅರ್ಜಿ ಹಾಕಿದ ದಿನದ್ದಲ್ಲ, ಭ್ರೂಣವನ್ನು ಗರ್ಭದಲ್ಲಿಡುವ ದಿನದ ಲೆಕ್ಕ. ಅಂದು ಆಕೆಗೆ 35 ದಾಟಿರಬಾರದು. ಆಧಾರ್‌ನಲ್ಲೊಂದು, ಶಾಲೆಯ ದಾಖಲೆಯಲ್ಲೊಂದು ಜನ್ಮದಿನಾಂಕವಿದ್ದರೆ ಈ ವಾರವೇ ಸರಿಪಡಿಸಲು ಓಡಾಡಿ. ಆಸ್ಪತ್ರೆ ಖರ್ಚು, ವಿಮೆ ಬಿಟ್ಟು ಆಕೆಗೆ ಪ್ರತಿಫಲದ ಹಣ ಕೊಡಬೇಡಿ. ಅದು ಜೈಲಿನ ಅಪರಾಧ.