ಇರೋ ನಾಲ್ಕು ಕೂದಲಿಗೆ ನಾನೂರು ರೂಪಾಯಿ ಯಾಕೆ?

ಪ್ರಶ್ನೆ: ನನಗೆ 63 ವರ್ಷ. ಮೊದಲಿನಿಂದಲೂ ಊರ ಅಂಗಡಿಯಲ್ಲಿ 100 ರೂಪಾಯಿಗೆ ಕಟಿಂಗ್ ಮಾಡಿಸಿಕೊಂಡು ಬಂದವನು. ಕಳೆದ ತಿಂಗಳು ಮಗಳು ಹುಬ್ಬಳ್ಳಿ ವಿದ್ಯಾನಗರದ ಸಲೂನಿಗೆ ಕರೆದೊಯ್ದಳು, 400 ಬಿತ್ತು. ನೋಡಿದವರೆಲ್ಲ ಚಲೋ ಆಗೇತಿ ಅಂದರು. ಆದರೆ ನೆತ್ತಿ ಬಯಲಾದ ಮೇಲೆ ಇದು ಶೋಕಿಯಲ್ಲವೆ? ನನ್ನ ಹೆಂಡತಿಯ ಹೆರಳೂ ತೆಳ್ಳಗಾಗಿದೆ, ಕತ್ತರಿಸಬಹುದೆ? ಮುಂದಿನ ತಿಂಗಳು ಮಗನ ಮದುವೆ ಇದೆ.
– ನಿವೃತ್ತ ನೌಕರ, ಬೆಟಗೇರಿ

ಉತ್ತರ: ಶೋಕಿಯಲ್ಲ. ದಟ್ಟ ಕೂದಲಿನ ಹುಡುಗನ ತಲೆಯಲ್ಲಿ ಕತ್ತರಿ ಸ್ವಲ್ಪ ತಪ್ಪಿದರೂ ಅಕ್ಕಪಕ್ಕದ ಕೂದಲು ಅದನ್ನು ಮುಚ್ಚಿಕೊಳ್ಳುತ್ತದೆ. ನಿಮ್ಮ ತಲೆಯಲ್ಲಿ ಹಾಗೆ ಮುಚ್ಚಲಿಕ್ಕೆ ಏನೂ ಇಲ್ಲ, ತಪ್ಪಿದ್ದು ತಪ್ಪಿದ ಹಾಗೇ ಕಾಣುತ್ತದೆ. ಕೂದಲು ಕಡಿಮೆಯಾದಷ್ಟೂ ಕೈಚಳಕ ಹೆಚ್ಚು ಬೇಕು.

ಮೊದಲು ದುಡ್ಡಿನ ಲೆಕ್ಕ. ಒಳ್ಳೆಯ ಕಟಿಂಗ್ ಬೆಳೆದರೂ ಆಕಾರ ಕೆಡುವುದಿಲ್ಲ, ಆರು ವಾರ ಎಳೆಯಬಹುದು. ವರ್ಷಕ್ಕೆ ಒಂಬತ್ತು ಸಲ ಎಂದರೆ 3,600. ಅವಸರದ್ದು ಮೂರು ವಾರ ಕಳೆಯುವಷ್ಟರಲ್ಲಿ ಕಿವಿ ಮೇಲೆ ಉಬ್ಬಿ ನಿಲ್ಲುತ್ತದೆ. ಇಪ್ಪತ್ತೈದು ದಿನಕ್ಕೊಮ್ಮೆ ಹೋದರೆ ವರ್ಷಕ್ಕೆ ಹೆಚ್ಚುಕಡಿಮೆ 1,500. ಅಂದರೆ ದುಬಾರಿಯದು ದುಬಾರಿಯೇ, ವರ್ಷಕ್ಕೆ ಎರಡು ಸಾವಿರ ಜಾಸ್ತಿ. ಮೇಲೆ ಹುಬ್ಬಳ್ಳಿಯ ಬಸ್ ಚಾರ್ಜು ಬೇರೆ. ಶಕ್ತಿ ಯೋಜನೆಯ ಉಚಿತ ಟಿಕೆಟ್ ನಿಮಗಿಲ್ಲವಲ್ಲ!

ಆದರೆ ಆ 400 ರೂಪಾಯಿ ಯಾವುದಕ್ಕೆ ಕೊಟ್ಟಿರಿ ಎಂಬುದು ಮುಖ್ಯ. ಎಸಿಗೆ, ದೊಡ್ಡ ಕನ್ನಡಿಗೆ ಕೊಟ್ಟಿದ್ದರೆ ದಂಡ. ಅರ್ಧ ತಾಸಿನ ಸಮಯಕ್ಕೆ, ಹಣಿಗೆ–ಕತ್ತರಿಯ ಕೆಲಸಕ್ಕೆ ಕೊಟ್ಟಿದ್ದರೆ ಸಾರ್ಥಕ. ಹತ್ತು ನಿಮಿಷದಲ್ಲಿ ಮಷೀನ್ ಆಡಿಸಿ ಎಬ್ಬಿಸಿ ಕಳಿಸುವುದು ದೊಡ್ಡ ಸಲೂನಿನಲ್ಲೂ ಇದೆ, ಕೈಯಲ್ಲಿ ಕಲೆಯಿರುವವರು ಸಣ್ಣ ಅಂಗಡಿಯಲ್ಲೂ ಇದ್ದಾರೆ.

ವಯಸ್ಸಾದಂತೆ ಕೂದಲಿನ ಸಂಖ್ಯೆಯಷ್ಟೇ ಅಲ್ಲ, ಒಂದೊಂದು ಎಳೆಯ ದಪ್ಪವೂ ಇಳಿಯುತ್ತದೆ. ಕೂದಲು ಒಣಗಿ ಒರಟಾಗುತ್ತದೆ, ಹೇಳಿದ ಕಡೆ ಮಲಗುವುದಿಲ್ಲ. ಗಂಡಸರಲ್ಲಿ ನೆತ್ತಿ, ಮುಂದಲೆ ತೆಳುವಾದರೂ ಕಿವಿಯ ಮೇಲಿನದು, ಹೆಡಕಿನದು ದಟ್ಟವಾಗೇ ಉಳಿಯುತ್ತದೆ. ಪೇಚು ಇರುವುದು ಇಲ್ಲೇ. ಬಾಜೂಕಿನದು ಉಬ್ಬಿದಷ್ಟೂ ನೆತ್ತಿ ಇನ್ನಷ್ಟು ಬಯಲಾಗಿ ಕಾಣುತ್ತದೆ.

ಅದಕ್ಕೆ ಬಹಳ ಮಂದಿ ಮಾಡುವ ತಪ್ಪು, ಮೇಲಿನ ಕೂದಲನ್ನು ಉದ್ದ ಬಿಟ್ಟು ನೆತ್ತಿ ಮೇಲೆ ಎಳೆದುಕೊಳ್ಳುವುದು. ತೆಳು ಕೂದಲು ಉದ್ದವಾದರೆ ತನ್ನ ಭಾರಕ್ಕೆ ತಾನೇ ಚಪ್ಪಟೆಯಾಗಿ, ಎಳೆ ಎಳೆ ಬೇರೆಯಾಗಿ ನಡುವೆ ಚರ್ಮ ತೋರಿಸುತ್ತದೆ. ಅದರ ಮೇಲೆ ಎಣ್ಣೆಯನ್ನೂ ಹಚ್ಚಿದರೆ ಮುಗಿದೇ ಹೋಯಿತು. ಮೇಲೆ ಮೂರು ಸೆಂಟಿಮೀಟರ್ ಸಾಕು, ಅಂದಾಜು ಎರಡು ಬೆರಳಗಲ. ಕಿವಿಯ ಸುತ್ತ ಮಷೀನಿನ 2ನೇ ನಂಬರು (6 ಮಿ.ಮೀ.), ಅದರ ಮೇಲೆ 3 (ಸುಮಾರು 10 ಮಿ.ಮೀ.), ಅಲ್ಲಿಂದ ನೆತ್ತಿಯವರೆಗೆ ಹಣಿಗೆ ಇಟ್ಟು ಕತ್ತರಿಯಲ್ಲೇ ಸೇರಿಸಬೇಕು. ಸಮಯ ಹಿಡಿಯುವುದೂ, ಅವಸರದಲ್ಲಿ ಕೆಡುವುದೂ ಈ ಸೇರಿಸುವ ಜಾಗವೇ. ಕನ್ನಡಿಯಲ್ಲಿ ನೋಡಿದಾಗ ಬದಿಯಲ್ಲಿ ಮೆಟ್ಟಿಲಿನಂತೆ ಗೆರೆ ಕಂಡರೆ ಏಳಬೇಡಿ, ಸರಿ ಮಾಡಿಸಿ.

ಹೆಡಕಿನಲ್ಲಿ ಬ್ಲೇಡಿನಿಂದ ಚೌಕಾಕಾರ ಕೊರೆಸಬೇಡಿ. ವಾರದಲ್ಲೇ ಆ ಗೆರೆಯ ಕೆಳಗೆ ಬಿಳಿ ಕೂಳೆ ಎದ್ದು ಹೊಲಸು ಕಾಣುತ್ತದೆ. ಥಿನ್ನಿಂಗ್ ಕತ್ತರಿ (ಒಂದು ಅಲಗಿಗೆ ಹಲ್ಲುಗಳಿರುತ್ತವಲ್ಲ, ಅದು) ಬದಿಯ ದಟ್ಟ ಕೂದಲಿಗೆ ಸರಿ, ನೆತ್ತಿಗೆ ಬೇಡವೇ ಬೇಡ. ಒದ್ದೆ ಕೂದಲು ಉದ್ದವಾಗಿ, ಚಪ್ಪಟೆಯಾಗಿ ಕಾಣುತ್ತದೆ. ಒಣಗಿದ ಮೇಲೆ ಮೇಲೇಳುತ್ತದೆ. ಹಾಗಾಗಿ ಕೊನೆಗೆ ಒಣಗಿಸಿ ಇನ್ನೊಮ್ಮೆ ಕೈಯಾಡಿಸುವವರೇ ಬಲ್ಲವರು. ಹಿಂದಿನ ದಿನ ತಲೆ ತೊಳೆದುಕೊಂಡು ಹೋಗಿ, ಎಣ್ಣೆತಲೆಯಲ್ಲಿ ಕೂದಲು ಅಂಟಿಕೊಂಡು ಅಳತೆ ಸಿಗುವುದಿಲ್ಲ.

ಇಷ್ಟನ್ನು ನಿಮ್ಮ ಬೆಟಗೇರಿಯ ಅಂಗಡಿಯಲ್ಲೇ ಕೇಳಿ ನೋಡಿ. "ಸಣ್ಣ ಮಾಡ್ರಿ" ಎಂದರೆ ಸಾಲದು. "ಮ್ಯಾಲೆ ಎರಡು ಬೆರಳಷ್ಟು ಇರ್ಲಿ, ಬಾಜೂಕ ಹಣಿಗಿ ಇಟ್ಟು ಕತ್ತರಿಲೇ ಕೂಡಸ್ರಿ, ಹಿಂದ ಗೆರಿ ಹೊಡೀಬ್ಯಾಡ್ರಿ" ಅನ್ನಿ. ರವಿವಾರ ಬೆಳಿಗ್ಗೆ ಅಲ್ಲ, ವಾರದ ನಡುವೆ ಮಧ್ಯಾಹ್ನ ಗಿರಾಕಿ ಇಲ್ಲದಾಗ ಹೋಗಿ. 50 ರೂಪಾಯಿ ಹೆಚ್ಚು ಕೊಡುತ್ತೇನೆಂದು ಮೊದಲೇ ಹೇಳಿ. ನಾಲ್ಕನೇ ವಾರವೂ ಆಕಾರ ಉಳಿದರೆ ನಿಮಗೆ ಹುಬ್ಬಳ್ಳಿ ಬೇಕಿಲ್ಲ. ಉಳಿಯದಿದ್ದರೆ ಆ ಸಲೂನಿಗೇ ಹೋಗಿ, ಹೋದಾಗ ಅದೇ ಕೆಲಸಗಾರನನ್ನೇ ಕೇಳಿ. ಅಲ್ಲಿ ಹೇರ್ ಸ್ಪಾ ಮಾಡಿಸಿ ಎಂದು ಗಂಟುಬೀಳುತ್ತಾರೆ. ಕೂದಲು ನಾಲ್ಕು ದಿನ ನುಣುಪಾಗುತ್ತದೆ, ಒಂದೂ ಹೊಸದಾಗಿ ಹುಟ್ಟುವುದಿಲ್ಲ. ತಲೆಗೆಲ್ಲ ಒಂದೇ ನಂಬರಿನ ಮಷೀನ್ ಹೊಡೆಸುವುದೇ ನಿಮ್ಮ ಇಷ್ಟವಾದರೆ 400 ಶುದ್ಧ ದಂಡ, ಮನೆಯ ಟ್ರಿಮ್ಮರೇ ಸಾಕು.

ಹುಬ್ಬು, ಕಿವಿಯ ಕೂದಲನ್ನು ಮರೆಯಬೇಡಿ. ಮುಖಕ್ಕೆ ವಯಸ್ಸು ಹೇರುವುದು ನೆತ್ತಿಗಿಂತ ಇವೇ. ಹುಬ್ಬನ್ನು ಮೇಲಕ್ಕೆ ಬಾಚಿ ಹಣಿಗೆ ದಾಟಿದ್ದನ್ನಷ್ಟೇ ಕತ್ತರಿಸಬೇಕು. ಮೂಗಿನ ಕೂದಲು ಕೀಳಬಾರದು, ಕೀವಾಗುತ್ತದೆ.

ಕಟಿಂಗ್ ಮುಗಿದ ಮೇಲೆ ಕುತ್ತಿಗೆ ತಿರುವಿ ನಟಿಕೆ ಮುರಿಯುವುದನ್ನು ಖಡಾಖಂಡಿತ ಬೇಡವೆನ್ನಿ. ಕುತ್ತಿಗೆಯ ಮೂಳೆಗಳ ನಡುವೆ ಮಿದುಳಿಗೆ ಹೋಗುವ ರಕ್ತನಾಳಗಳಿವೆ, ಅವುಗಳ ಒಳಪದರ ಹರಿದು ಪಾರ್ಶ್ವವಾಯು ಆದ ಉದಾಹರಣೆಗಳಿವೆ. ಸಲೂನಿನ ಬೇಸಿನ್ ಮೇಲೆ ಕುತ್ತಿಗೆ ಹಿಂದಕ್ಕೆ ಬಾಗಿಸಿ ತಲೆ ತೊಳೆಸಿಕೊಂಡವರಲ್ಲೂ ಹೀಗಾದದ್ದನ್ನು ಅಮೆರಿಕದ ವೈದ್ಯರೊಬ್ಬರು 1993ರಲ್ಲೇ ವರದಿ ಮಾಡಿದ್ದಾರೆ. ಬ್ಲೇಡನ್ನು ನಿಮ್ಮ ಕಣ್ಣೆದುರೇ ಹೊಸದಾಗಿ ಹಾಕಿಸಿ. ರಕ್ತ ತೆಳು ಮಾಡುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ.

ಇನ್ನು ಅಮ್ಮಾವರ ಹೆರಳು. ಧಾರಾಳವಾಗಿ ಕತ್ತರಿಸಬಹುದು. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ, ಅರವತ್ತು ಸೆಂಟಿಮೀಟರ್ ಹೆರಳಿನ ತುದಿಗೆ ಐದು ವರ್ಷ ವಯಸ್ಸು. ಇಲಿಬಾಲದಂತಾದ ಆ ತುದಿಯಿಂದ ಉಪಯೋಗವಿಲ್ಲ. ದಪ್ಪ ಎಲ್ಲಿಂದ ಶುರುವೋ ಅಲ್ಲಿಗೆ, ನೇರವಾಗಿ ಕತ್ತರಿಸಿದರೆ ಹೆರಳು ತುಂಬಿಕೊಂಡಂತೆ ಕಾಣುತ್ತದೆ. ಲೇಯರ್ (ಹಂತ ಹಂತವಾಗಿ ಬೇರೆ ಬೇರೆ ಉದ್ದಕ್ಕೆ ಕತ್ತರಿಸುವುದು) ಬೇಡ, ಇದ್ದ ದಪ್ಪವೂ ಹೋಗುತ್ತದೆ. ಬೈತಲೆ ಅಗಲವಾಗಿದ್ದರೆ ಆಗಾಗ ಜಾಗ ಬದಲಿಸಲಿ, ಬಿಗಿಯಾಗಿ ಎಳೆದು ಹಾಕಿಕೊಳ್ಳುವುದು ಬೇಡ. ಇತ್ತೀಚೆಗೆ ಮುಷ್ಟಿಗಟ್ಟಲೆ ಉದುರಲು ಶುರುವಾಗಿದ್ದರೆ ಮಾತ್ರ ಅದು ಕತ್ತರಿಯ ಕೆಲಸವಲ್ಲ. ಚರ್ಮರೋಗ ವೈದ್ಯರಿಗೆ ತೋರಿಸಿ, ಕಬ್ಬಿಣಾಂಶ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಲಿ. ಜೋರು ಜ್ವರ ಬಂದು ಎರಡು–ಮೂರು ತಿಂಗಳ ನಂತರ ಹೀಗೆ ಉದುರುವುದುಂಟು, ಅದು ತಾನಾಗಿ ತಹಬಂದಿಗೆ ಬರುತ್ತದೆ.

ಮದುವೆಗೆ ಇಬ್ಬರೂ ಐದಾರು ದಿನ ಮೊದಲೇ ಮಾಡಿಸಿಕೊಳ್ಳಿ. ಹಿಂದಿನ ದಿನ ಮಾಡಿಸಿದರೆ ಬಿಸಿಲು ಕಾಣದ ಹೆಡಕಿನ ಬಿಳಿ ಚರ್ಮ ಫೋಟೋದಲ್ಲಿ ಎದ್ದು ಕಾಣುತ್ತದೆ. ಬಣ್ಣ ಹಚ್ಚುವ ವಿಚಾರವಿದ್ದರೆ ಅದಕ್ಕೂ ಎರಡು ದಿನ ಮೊದಲು ಮೊಳಕೈ ಒಳಬದಿಗೆ ಚೂರು ಹಚ್ಚಿ 48 ತಾಸು ಕಾಯಿರಿ. ತುರಿಕೆ, ಕೆಂಪು ಕಂಡರೆ ಕೈಬಿಡಿ. ಕಡುಗಪ್ಪಂತೂ ಬೇಡ, ತೆಳು ಕೂದಲಿಗೆ ಕಪ್ಪು ಬಳಿದಷ್ಟೂ ಕೆಳಗಿನ ನೆತ್ತಿ ಎದ್ದು ಕಾಣುತ್ತದೆ.

– ಸಂಪಾದಕ